ಬೆಳಿಗ್ಗೆ ಗೋಕರ್ಣ, ಮಧ್ಯಾಹ್ನ ಯಾಣ, ಸಂಜೆ ಸಮುದ್ರ: ಒಂದೇ ದಿನದಲ್ಲಿ ಸುತ್ತುವುದು ಹೇಗೆ

ಉತ್ತರ ಕನ್ನಡದ ಕಡೆ ಒಂದು ಹಳೇ ಮಾತಿದೆ. "ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ." ಗೋಕರ್ಣಕ್ಕೆ ಹೋದರೆ ಪೂಜೆ, ಪಿಂಡ, ದಾನ ಅಂತ ಕೈಯಲ್ಲಿ ನಾಲ್ಕು ಕಾಸು ಇರಬೇಕಿತ್ತು. ಯಾಣಕ್ಕೆ ಹೋಗಬೇಕಾದರೆ ದಟ್ಟ ಕಾಡಿನಲ್ಲಿ ಮೈಲುಗಟ್ಟಲೆ ನಡೆಯಬೇಕಿತ್ತು, ಅದಕ್ಕೆ ಮೈಯಲ್ಲಿ ಸೊಕ್ಕು ಇರಬೇಕಿತ್ತು. ಈಗ ಲೆಕ್ಕ ತಿರುಗಿದೆ. ಯಾಣದ ಹತ್ತಿರದವರೆಗೂ ಕಾರು ಹೋಗುತ್ತದೆ. ಮಧ್ಯಾಹ್ನ 1 ಗಂಟೆ ಬಿಸಿಲಲ್ಲಿ ಓಂ ಬೀಚಿನಿಂದ ಗುಡ್ಡ ಹತ್ತಿ ಹಾಫ್ ಮೂನ್ ಬೀಚಿಗೆ ನಡೆಯುತ್ತೇನೆ ಅಂತ ಹೊರಡುತ್ತಾರಲ್ಲ, ಸೊಕ್ಕು ಅಂದರೆ ಅದು. ನಾನೂ ಒಮ್ಮೆ ಹಾಗೆ ಹೋಗಿ ಬುದ್ಧಿ ಕಲಿತವನೇ. ಆ ಕಥೆ ಆಮೇಲೆ.

ಒಂದೇ ದಿನ ಸಿಕ್ಕರೆ ಗೋಕರ್ಣದ ಊರು, ಯಾಣದ ಗುಹೆ, ಸಮುದ್ರ ಮೂರನ್ನೂ ಆರಾಮಾಗಿ ನೋಡಬಹುದು. ಆದರೆ ಯಾವುದು ಯಾವಾಗ ಅನ್ನುವುದು ಸರಿ ಇರಬೇಕು. ಸುಮಾರು ಜನ ಬೆಳಿಗ್ಗೆ ಬಸ್ಸು ಇಳಿದವರೇ ಸೀದಾ ಬೀಚಿಗೆ ಹೋಗುತ್ತಾರೆ, ಹನ್ನೊಂದಕ್ಕೆ ಮರಳು ಕಾದು ಕಾಲು ಸುಡುತ್ತದೆ, ಹನ್ನೆರಡೂವರೆಗೆ ದೇವಸ್ಥಾನಕ್ಕೆ ಓಡಿದರೆ ಬಾಗಿಲು ಹಾಕಿರುತ್ತದೆ, ಮೂರಕ್ಕೆ ಯಾಣ ನೆನಪಾಗಿ ಗಾಡಿ ಹತ್ತುತ್ತಾರೆ, ಕೊನೆಗೆ ಸೂರ್ಯ ಮುಳುಗುವ ಹೊತ್ತಿಗೆ ಯಾವುದೋ ತಿರುವಿನಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡಿರುತ್ತಾರೆ. ಹಾಗಾಗಬಾರದು ಅಂದರೆ ತಂಪು ಹೊತ್ತಿನಲ್ಲಿ ಊರು, ಉರಿಬಿಸಿಲಿನಲ್ಲಿ ಕಾಡು ಮತ್ತು ಗುಹೆ, ಇಳಿಬಿಸಿಲಿನಲ್ಲಿ ಸಮುದ್ರ. ಇಷ್ಟು ನೆನಪಿದ್ದರೆ ಅರ್ಧ ಕೆಲಸ ಆಯಿತು.

ಯಾವ ತಿಂಗಳು ಅಂತ ಕೇಳಿದರೆ ನವೆಂಬರ್‌ನಿಂದ ಫೆಬ್ರವರಿ. ಮಾರ್ಚ್ ಬಂತು ಅಂದರೆ ಸೆಕೆ ಶುರು. ಏಪ್ರಿಲ್, ಮೇನಲ್ಲಿ ಕರಾವಳಿಯ ಬೆವರು ಅಂದರೆ ಏನು ಅಂತ ಬಯಲುಸೀಮೆಯವರಿಗೆ ಹೇಳಿ ಅರ್ಥ ಮಾಡಿಸುವುದು ಕಷ್ಟ, ಸ್ನಾನ ಮಾಡಿ ಹೊರಗೆ ಬಂದ ಎರಡು ನಿಮಿಷಕ್ಕೆ ಮತ್ತೆ ಸ್ನಾನ ಮಾಡಿದ ಹಾಗೆ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ. ಕಾಡು ಆಗಲೇ ಚೆಂದ, ಆದರೆ ಸಮುದ್ರಕ್ಕೆ ಇಳಿಯುವ ಹಾಗಿಲ್ಲ, ಯಾಣದ ದಾರಿಯಲ್ಲಿ ಉಂಬಳ (ರಕ್ತ ಹೀರುವ ಜಿಗಣೆ) ಬೇರೆ. ಶಿವರಾತ್ರಿ, ಹೊಸ ವರ್ಷ, ಮೂರು ದಿನ ಸಾಲಾಗಿ ರಜೆ ಬಂದ ವಾರ, ಇವೆಲ್ಲ ಬೇಡವೇ ಬೇಡ. ಶಿವರಾತ್ರಿಯ ತೇರು ನೋಡಬೇಕು ಅಂತಲೇ ಹೋಗುವುದಾದರೆ ಅದು ಬೇರೆ ವಿಷಯ, ಅದಕ್ಕೆ ಪೂರ್ತಿ ದಿನ ಬೇಕು, ಬೀಚು ಗೀಚು ಮರೆತುಬಿಡಿ.

ಬೆಂಗಳೂರಿನಿಂದ ಸುಮಾರು 480 ಕಿಲೋಮೀಟರ್. ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಇಳಿಯಬಹುದು. ಹುಬ್ಬಳ್ಳಿಯವರಿಗೆ ಇನ್ನೂ ಸುಲಭ, 150 ಕಿಲೋಮೀಟರ್ ಒಳಗೇ ಆಯಿತು. ಬಸ್ಸಿನವರ ಹತ್ತಿರ ಒಂದು ಮಾತು ಮೊದಲೇ ಕೇಳಿಕೊಳ್ಳಿ: ಊರೊಳಗೆ ಬರುತ್ತದಾ, ಅಥವಾ ಹೆದ್ದಾರಿಯ ಮಾದನಗೇರಿ ಕ್ರಾಸಿನಲ್ಲೇ ಇಳಿಸಿ ಹೋಗುತ್ತದಾ ಅಂತ. ಕಾರವಾರ, ಗೋವಾ ಕಡೆ ಹೋಗುವ ಬಸ್ಸುಗಳು ಕ್ರಾಸಿನಲ್ಲೇ ಇಳಿಸಿಬಿಡುತ್ತವೆ. ಅಲ್ಲಿಂದ ಊರಿಗೆ ಇನ್ನೂ ಹತ್ತು ಕಿಲೋಮೀಟರ್ ಹತ್ತಿರ. ಬೆಳಿಗ್ಗೆ ಐದಕ್ಕೆ ನಿದ್ದೆಗಣ್ಣಿನಲ್ಲಿ ಬ್ಯಾಗು ಹಿಡಿದು ನಿಂತಾಗ ಆಟೋದವರು ಹೇಳಿದ್ದೇ ರೇಟು. ರೈಲಿನವರಿಗೂ ಅದೇ ಕಥೆ, ಗೋಕರ್ಣ ರೋಡ್ ಸ್ಟೇಷನ್ ಹೆಸರಿಗೆ ಗೋಕರ್ಣ, ಊರಿಂದ ದೂರ.

ಊರಿಗೆ ಬಂದ ಮೇಲೆ ಮೊದಲ ಕೆಲಸ, ಸ್ನಾನಕ್ಕೆ ಒಂದು ಜಾಗ. ಬಸ್ ನಿಲ್ದಾಣದ ಸುತ್ತಮುತ್ತ, ರಥಬೀದಿಯ ಅಕ್ಕಪಕ್ಕ ಎರಡು ಮೂರು ಗಂಟೆಗೆ ರೂಮು ಕೊಡುವ ಲಾಡ್ಜುಗಳಿವೆ. ಇಡೀ ದಿನಕ್ಕೆ ತಗೊಳ್ಳಲೇಬೇಕಿಲ್ಲ. ಸಂಜೆಯವರೆಗೆ ಬ್ಯಾಗು ಇಟ್ಟುಕೊಳ್ಳುತ್ತೀರಾ, ಸಂಜೆ ಬಂದು ಸಮುದ್ರದ ಉಪ್ಪು ತೊಳೆದುಕೊಳ್ಳಲು ಒಂದು ಬಕೆಟ್ ಸಿಹಿನೀರು ಸಿಗುತ್ತದಾ ಅಂತ ಆಗಲೇ ಕೇಳಿ ಮಾತು ಮುಗಿಸಿಕೊಳ್ಳಿ. ಈ ಒಂದು ಬಕೆಟ್ ನೀರಿನ ಬೆಲೆ ರಾತ್ರಿ ಬಸ್ಸಿನಲ್ಲಿ ಮೈ ಕೆರೆದುಕೊಳ್ಳುತ್ತಾ ಕೂತಾಗ ಗೊತ್ತಾಗುತ್ತದೆ.

ಈಗ ಊರು. ಏಳು ಗಂಟೆ ಒಳಗೆ ರಥಬೀದಿಗೆ ಬಂದುಬಿಡಿ. ಅಂಗಡಿಗಳು ಇನ್ನೂ ಅರ್ಧ ಬಾಗಿಲು ತೆಗೆದಿರುತ್ತವೆ, ಪಕ್ಕದಲ್ಲಿ ದೊಡ್ಡ ತೇರು ಸುಮ್ನೆ ನಿಂತಿರುತ್ತದೆ, ಈ ಕಡೆಯ ಹಾಲಕ್ಕಿ ಸಮುದಾಯದ ಹೆಂಗಸರು ಕೊರಳ ತುಂಬಾ ಮಣಿಸರ ಹಾಕಿಕೊಂಡು ಬುಟ್ಟಿಯಲ್ಲಿ ಹರಿವೆ, ಬಸಳೆ, ಹೂವು ತಂದು ಬೀದಿ ಬದಿಗೆ ಕೂರುವ ಹೊತ್ತು ಅದು. ಫೋಟೋ ಹೊಡೆಯುವ ಮೊದಲು ಕೇಳಿ. ಒಂದು ಮೊಳ ಹೂವಾದರೂ ತಗೊಂಡು ಕೇಳಿದರೆ ಇನ್ನೂ ಒಳ್ಳೆಯದು.

ದೇವಸ್ಥಾನಕ್ಕೆ ಒಂದು ಕ್ರಮ ಇದೆ. ಮೊದಲು ಮಹಾಗಣಪತಿ, ಆಮೇಲೆ ಮಹಾಬಲೇಶ್ವರ. ಯಾಕೆ ಅಂದರೆ ಈ ಊರಿನ ಕಥೆಯೇ ಹಾಗಿದೆ. ರಾವಣ ತಪಸ್ಸು ಮಾಡಿ ಶಿವನಿಂದ ಆತ್ಮಲಿಂಗ ಪಡೆದು ಲಂಕೆಗೆ ಹೊರಟ, ಒಂದೇ ಷರತ್ತು, ದಾರಿಯಲ್ಲಿ ಎಲ್ಲೂ ನೆಲಕ್ಕೆ ಇಡಬಾರದು. ದೇವತೆಗಳಿಗೆ ಗಾಬರಿ. ಇಲ್ಲಿಗೆ ಬಂದಾಗ ವಿಷ್ಣು ಚಕ್ರ ಅಡ್ಡ ಹಿಡಿದು ಸೂರ್ಯನನ್ನು ಮರೆಮಾಡಿದ. ಸಂಜೆಯಾಯಿತು ಅಂದುಕೊಂಡ ರಾವಣನಿಗೆ ಸಂಧ್ಯಾವಂದನೆ ಬಿಡುವ ಹಾಗಿಲ್ಲ, ಲಿಂಗ ಇಡುವ ಹಾಗಿಲ್ಲ. ಅಷ್ಟರಲ್ಲಿ ಒಬ್ಬ ಪುಟ್ಟ ವಟು ಕಂಡ, ಸ್ವಲ್ಪ ಹಿಡ್ಕೋ ಮರಿ ಅಂತ ಅವನ ಕೈಗೆ ಕೊಟ್ಟ. ಮೂರು ಸಲ ಕರೆಯುತ್ತೇನೆ, ಬರದಿದ್ದರೆ ಇಟ್ಟುಬಿಡುತ್ತೇನೆ ಅಂದ ಆ ಹುಡುಗ ಬಡಬಡ ಅಂತ ಮೂರು ಸಲ ಕರೆದು ಇಟ್ಟೇಬಿಟ್ಟ. ಅವನೇ ಗಣಪತಿ. ರಾವಣ ಓಡಿ ಬಂದು ಎಳೆದ, ಲಿಂಗ ಹಸುವಿನ ಕಿವಿಯ ಹಾಗೆ ತಿರುಚಿತೇ ಹೊರತು ಮೇಲೆ ಬರಲಿಲ್ಲ. ಗೋಕರ್ಣ ಅನ್ನುವ ಹೆಸರು ಅಲ್ಲಿಂದ. ಇಷ್ಟು ಬಲದ ರಾವಣನಿಗೂ ಬಗ್ಗದವನು ಮಹಾಬಲ. ಸಿಟ್ಟಿನಲ್ಲಿ ರಾವಣ ಲಿಂಗದ ಜೊತೆಗಿದ್ದದ್ದನ್ನೆಲ್ಲ ಎಸೆದ ಜಾಗಗಳೇ ಮುರುಡೇಶ್ವರ, ಗುಣವಂತೆ, ಧಾರೇಶ್ವರ, ಸಜ್ಜೇಶ್ವರ. ಹುಡುಗನ ತಲೆಗೂ ಒಂದು ಗುದ್ದಿದ. ಗಣಪತಿ ಗುಡಿಯಲ್ಲಿ ಆ ಗುದ್ದಿನ ಗುರುತು ಅಂತ ತಲೆಯ ಮೇಲಿನ ತಗ್ಗನ್ನು ತೋರಿಸುತ್ತಾರೆ, ಮೂರ್ತಿ ಎರಡೇ ಕೈಯದು, ನಿಂತಿರುವುದು. ಪೆಟ್ಟು ತಿಂದವನಿಗೆ ಮೊದಲ ಪೂಜೆ, ನ್ಯಾಯ ತಾನೇ?

ಈ ಕಥೆಯಲ್ಲಿ ಸಂಜೆ ಹೊತ್ತು ಬಹಳ ಮುಖ್ಯ, ಅದನ್ನು ನೆನಪಿಟ್ಟುಕೊಳ್ಳಿ. ಕೊನೆಯಲ್ಲಿ ಬೇಕಾಗುತ್ತದೆ.

ಮಹಾಬಲೇಶ್ವರನ ಗುಡಿಯಲ್ಲಿ ಲಿಂಗ ಎದ್ದು ಕಾಣುವುದಿಲ್ಲ. ಸಾಲಿಗ್ರಾಮ ಪೀಠದ ನಡುವೆ ಒಂದು ಸಣ್ಣ ತೂತು, ಅದರೊಳಗೆ ಬೆರಳು ಇಳಿಸಿದರೆ ಆತ್ಮಲಿಂಗದ ತುದಿ ತಾಗುತ್ತದೆ. ಕಣ್ಣಿಗಿಂತ ಬೆರಳಿಗೆ ಸಿಗುವ ದರ್ಶನ ಇದು. ಗಂಡಸರು ಪಂಚೆ ಉಟ್ಟು ಮೇಲೆ ಅಂಗಿ ತೆಗೆದಿರಬೇಕು, ಹೆಂಗಸರು ಸೀರೆಯೋ ಚೂಡಿದಾರೋ ಹಾಕಿರಬೇಕು. ಚಡ್ಡಿ, ಜೀನ್ಸಿನಲ್ಲಿ ಬಂದು ಬಾಗಿಲಲ್ಲಿ ವಾದ ಮಾಡುವವರನ್ನು ಪ್ರತಿ ಸಲ ನೋಡುತ್ತೇನೆ. ಒಂದು ಪಂಚೆ ಬ್ಯಾಗಿನಲ್ಲಿ ಹಾಕಿಕೊಂಡರೆ ಮುಗಿಯಿತು, ಅದೇ ಪಂಚೆ ಮುಂದೆ ಬೀಚಿನಲ್ಲಿ ಹಾಸಿಕೊಳ್ಳಲೂ ಆಗುತ್ತದೆ (ದೇವರಿಗೆ ಹೇಳಬೇಡಿ). ಬೀದಿಯಲ್ಲಿ ಸೇವೆ ಮಾಡಿಸ್ತೀರಾ ಅಂತ ಕೇಳುವವರು ಸಿಗುತ್ತಾರೆ. ಮಾಡಿಸುವುದಾದರೆ ಏನು ಸೇವೆ, ಎಷ್ಟು ದುಡ್ಡು, ರಸೀದಿ ಇದೆಯಾ ಅಂತ ಮೊದಲೇ ಕೇಳಿ. ಬೇಡದಿದ್ದರೆ ನಗುತ್ತಾ ಬೇಡ ಅಂದರೆ ಸಾಕು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಕೋಟಿತೀರ್ಥದ ಕಡೆ ಒಂದು ಸುತ್ತು ಹಾಕಿ ಬನ್ನಿ. ದೊಡ್ಡ ಕೆರೆ, ಸುತ್ತ ಮೆಟ್ಟಿಲು, ಹಳೇ ಮನೆಗಳು. ನೀರು ಹಸಿರಾಗಿರುತ್ತದೆ, ತಲೆಗೆ ಪ್ರೋಕ್ಷಣೆ ಮಾಡಿಕೊಂಡರೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ಆಮೇಲೆ ತಿಂಡಿ. ಬನ್ಸ್ ಇದ್ದರೆ ಬನ್ಸ್, ಇಲ್ಲದಿದ್ದರೆ ದೋಸೆ. ಬಾಳೆಹಣ್ಣು ಹಾಕಿ ಕಲಸಿದ ಆ ಸಿಹಿ ಬನ್ಸ್ ಬಿಸಿ ಇರುವಾಗಲೇ ತಿನ್ನಬೇಕು, ಆರಿದ ಮೇಲೆ ಅದು ಬೇರೆಯೇ ಪದಾರ್ಥ.

ಒಂಬತ್ತೂವರೆಗೆ ಊರು ಬಿಡಿ.

ಯಾಣ ಗೋಕರ್ಣದಿಂದ ಸುಮಾರು 50 ಕಿಲೋಮೀಟರ್, ಒಂದೂವರೆ ಗಂಟೆ ಇಟ್ಟುಕೊಳ್ಳಿ. ಅಲ್ಲಿಗೆ ಬಸ್ಸು ಕಡಿಮೆ, ಬಸ್ಸು ನಂಬಿಕೊಂಡರೆ ಒಂದೇ ದಿನದಲ್ಲಿ ಇದೆಲ್ಲ ಆಗುವುದಿಲ್ಲ. ಸ್ವಂತ ಗಾಡಿ ಇಲ್ಲದಿದ್ದರೆ ಕಾರು ಬಾಡಿಗೆಗೆ ಮಾಡಿ. ಬಾಡಿಗೆ ಮಾತಾಡುವಾಗ ಬರೀ "ಯಾಣಕ್ಕೆ ಹೋಗಿ ಬರೋದಕ್ಕೆ ಎಷ್ಟು" ಅನ್ನಬೇಡಿ. ಯಾಣ, ಊಟಕ್ಕೆ ಕುಮಟಾ, ವಾಪಸ್ ಬರುವಾಗ ಮಿರ್ಜಾನ್ ಕೋಟೆ, ಕೊನೆಗೆ ಓಂ ಬೀಚಿನಲ್ಲಿ ಇಳಿಸಬೇಕು, ಕಾಯುವುದೂ ಸೇರಿ ಒಟ್ಟು ಎಷ್ಟು ಅಂತ ಕೇಳಿ. ಕುಮಟಾ–ಶಿರಸಿ ರಸ್ತೆಯಲ್ಲಿ ಕೆಲಸ ನಡೆಯುತ್ತಿದೆಯಾ ಅಂತಲೂ ಡ್ರೈವರನ್ನೇ ಕೇಳಿ, ಮೊಬೈಲಿನ ನಕ್ಷೆಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಇನ್ನೊಂದು, ಕಾಡಿನೊಳಗೆ ಹೋದ ಮೇಲೆ ನೆಟ್‌ವರ್ಕ್ ನೆಚ್ಚಿಕೊಳ್ಳಬೇಡಿ. ನಗದು ಇಟ್ಟುಕೊಳ್ಳಿ, ಚಿಲ್ಲರೆ ಸಮೇತ.

ಗಾಡಿ ನಿಲ್ಲಿಸಿದ ಮೇಲೆ ಸ್ವಲ್ಪ ನಡಿಗೆ, ಕೊನೆಗೆ ಮೆಟ್ಟಿಲು. ಮರಗಳ ನೆರಳು ಪೂರ್ತಿ ಇರುತ್ತದೆ, ಹೊರಗೆ ಹನ್ನೊಂದು ಗಂಟೆಯ ಬಿಸಿಲು ಅಂತ ಗೊತ್ತೇ ಆಗುವುದಿಲ್ಲ. ನಡೀತಾ ನಡೀತಾ ಮರಗಳ ಸಂದಿನಲ್ಲಿ ಏನೋ ಕಪ್ಪಗೆ ಅಡ್ಡ ನಿಂತಂತೆ ಕಾಣುತ್ತದೆ, ಗೋಡೆ ಇರಬೇಕು ಅಂದುಕೊಂಡು ಕತ್ತು ಎತ್ತಿದರೆ ಎತ್ತುತ್ತಲೇ ಇರಬೇಕು. ಅದು ಭೈರವೇಶ್ವರ ಶಿಖರ, 120 ಮೀಟರ್ ಎತ್ತರ. ಪಕ್ಕದ್ದು ಮೋಹಿನಿ ಶಿಖರ, 90 ಮೀಟರ್. ಈ ಸೀಮೆಯ ಕಲ್ಲೆಂದರೆ ಕೆಂಪು ಮುರಕಲ್ಲು. ಇದು ಮಾತ್ರ ಕಪ್ಪು ಸುಣ್ಣಕಲ್ಲು. ಸುಣ್ಣಕಲ್ಲನ್ನು ಮಳೆನೀರು ನಿಧಾನಕ್ಕೆ ಕರಗಿಸುತ್ತದೆ, ಅದಕ್ಕೇ ತುದಿಗಳು ಈಟಿಯ ಹಾಗೆ ಚೂಪು, ನಡುವೆ ಸೀಳು, ಒಳಗೆ ಗುಹೆ.

ಜನರ ಲೆಕ್ಕ ಬೇರೆ. ಯಾರ ತಲೆ ಮೇಲೆ ಕೈ ಇಟ್ಟರೆ ಅವರು ಬೂದಿ ಆಗಬೇಕು ಅಂತ ಶಿವನಿಂದ ವರ ಪಡೆದ ಭಸ್ಮಾಸುರ, ಮೊದಲ ಪ್ರಯೋಗ ಶಿವನ ಮೇಲೇ ಮಾಡಲು ಹೊರಟ. ಆಗ ವಿಷ್ಣು ಮೋಹಿನಿಯಾಗಿ ಬಂದು, ಕುಣಿಸಿ ಕುಣಿಸಿ ಅವನ ಕೈ ಅವನ ತಲೆ ಮೇಲೇ ಇರಿಸಿದ. ಅವನು ಸುಟ್ಟುಹೋದದ್ದು ಇಲ್ಲೇ, ಬಂಡೆ ಕಪ್ಪಾದದ್ದು ಅದಕ್ಕೇ, ಸುತ್ತಲಿನ ಸಡಿಲ ಕಪ್ಪು ಮಣ್ಣೇ ಅವನ ಬೂದಿ. ಬೆಳಿಗ್ಗೆ ಕೇಳಿದ ಕಥೆ, ಈಗ ಕೇಳಿದ ಕಥೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ: ಶಿವ ಹಿಂದೆಮುಂದೆ ನೋಡದೆ ವರ ಕೊಡುವುದು, ಉಳಿದವರು ಓಡಾಡಿ ಅದನ್ನು ಸರಿ ಮಾಡುವುದು. ನಮ್ಮ ಮನೆಗಳಲ್ಲೂ ಇಂಥ ಒಬ್ಬರು ಇರುತ್ತಾರೆ ಅಲ್ವಾ?

ಬುಡದಲ್ಲಿ ಭೈರವೇಶ್ವರನ ಗುಹೆ ಗುಡಿ. ಮೇಲಿನ ಬಂಡೆಯಿಂದ ತೊಟತೊಟ ನೀರು ಲಿಂಗದ ಮೇಲೆ ಬೀಳುತ್ತಿರುತ್ತದೆ. ಶಿವರಾತ್ರಿಗೆ ಇಲ್ಲಿಯ ನೀರನ್ನು ಹೊತ್ತು ಗೋಕರ್ಣಕ್ಕೆ ಒಯ್ಯುವ ಪದ್ಧತಿ ಇದೆ, ಅಂದರೆ ನಾವು ಕಾರಿನಲ್ಲಿ ಬಂದ ದಾರಿಯನ್ನು ಜನ ಹಿಂದಿನಿಂದಲೂ ಉಲ್ಟಾ ನಡೆದಿದ್ದಾರೆ. ಚಪ್ಪಲಿ ಬಿಟ್ಟು ಗುಡಿಯ ಪಕ್ಕದಿಂದ ಬಂಡೆಯ ಸೀಳಿನೊಳಗೆ ಹೋಗಬಹುದು. ಇದನ್ನು ಮಾತ್ರ ತಪ್ಪಿಸಬೇಡಿ. ಬರೀ ಹೊರಗೆ ನಿಂತು ಸೆಲ್ಫಿ ತೆಗೆದು ವಾಪಸ್ ಹೋಗುವವರನ್ನು ಕಂಡರೆ ನನಗೆ ಕೈಹಿಡಿದು ಎಳೆದುಕೊಂಡು ಬರಬೇಕು ಅನಿಸುತ್ತದೆ.

ಒಳಗೆ ಕಾಲಿಟ್ಟ ತಕ್ಷಣ ಮೊದಲು ಗೊತ್ತಾಗುವುದು ಪಾದಕ್ಕೆ. ಕಲ್ಲು ತಣ್ಣಗೆ, ಸ್ವಲ್ಪ ಒದ್ದೆ, ಅಲ್ಲಲ್ಲಿ ಜಾರು. ಎರಡು ಕಡೆ ಕಪ್ಪು ಗೋಡೆ, ಕೈ ಚಾಚಿದರೆ ತಾಗುವಷ್ಟು ಹತ್ತಿರ ಕೆಲವು ಕಡೆ. ಗೋಡೆಯನ್ನು ಸವರಿದರೆ ನಯವಿಲ್ಲ, ಅಂಚುಗಳು ಚರ್ಮ ಕೆರೆಯುವಷ್ಟು ಹರಿತ. ಬಾವಲಿ ವಾಸನೆ ಮೂಗಿಗೆ ಹೊಡೆಯುತ್ತದೆ. ಮೇಲೆ ನೋಡಿದರೆ ಎಲ್ಲೋ ಒಂದು ಪಟ್ಟಿಯಷ್ಟು ಆಕಾಶ, ಅಲ್ಲಿಂದ ಬೆಳಕು ಗೆರೆ ಎಳೆದ ಹಾಗೆ ಇಳಿಯುತ್ತದೆ, ಅದರಲ್ಲಿ ಧೂಳು ತೇಲುತ್ತಿರುತ್ತದೆ. ಹನ್ನೆರಡರ ಸುಮಾರಿಗೆ ಸೂರ್ಯ ನೆತ್ತಿಗೆ ಬಂದಾಗಲೇ ಈ ಬೆಳಕು ಚೆನ್ನಾಗಿ ಒಳಗಿಳಿಯುವುದು. ಮಧ್ಯಾಹ್ನವೇ ಯಾಣಕ್ಕೆ ಹೋಗಿ ಅಂತ ನಾನು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ. ಬಂಡೆಯ ಹಿಂದಿನಿಂದ ಸುತ್ತಿ ಹೊರಗೆ ಬಂದಾಗ ಕಣ್ಣು ಕೋರೈಸುತ್ತದೆ, ಒಂದು ನಿಮಿಷ ನಿಂತು ಆಮೇಲೆ ಮೆಟ್ಟಿಲು ಇಳಿಯಿರಿ.

ಬಂಡೆಯ ಎತ್ತರದಲ್ಲಿ ಕಪ್ಪಗೆ ಜೋತುಬಿದ್ದಿರುವುದು ಹೆಜ್ಜೇನು. ಕಲ್ಲು ಎಸೆಯುವುದು, ಕೂಗುವುದು, ಬೀಡಿ ಸಿಗರೇಟು ಹಚ್ಚುವುದು ಯಾವುದೂ ಬೇಡ. ಮಳೆಗಾಲಕ್ಕೆ ಹೋದರೆ ಉಂಬಳಕ್ಕೆ ಉಪ್ಪಿನ ಪೊಟ್ಟಣ ಇಟ್ಟುಕೊಳ್ಳಿ, ಕಿತ್ತು ಎಳೆಯಬೇಡಿ, ಉಪ್ಪು ತಾಗಿಸಿದರೆ ತಾನಾಗೇ ಬಿಡುತ್ತದೆ. ಮಂಗಗಳಿದ್ದರೆ ಕೈಯಲ್ಲಿ ತಿಂಡಿ ಚೀಲ ಕಾಣಬಾರದು. ವಯಸ್ಸಾದವರು, ಮಂಡಿನೋವು ಇರುವವರು ಗುಡಿಯವರೆಗೆ ನಿಧಾನಕ್ಕೆ ಬರಬಹುದು, ಸೀಳಿನೊಳಗೆ ಒತ್ತಾಯ ಮಾಡಬೇಡಿ.

ಒಂದು ಗಂಟೆಗೆ ಅಲ್ಲಿಂದ ಹೊರಟರೆ ಎರಡಕ್ಕೆ ಕುಮಟಾದಲ್ಲಿ ಊಟ. ಮೀನು ತಿನ್ನುವವರಾದರೆ ಬಂಗಡೆಯೋ ಕಾಣೆಯೋ ಆ ದಿನ ಏನು ತಾಜಾ ಬಂದಿದೆ ಅಂತ ಕೇಳಿ, ಮೆನು ನೋಡಬೇಡಿ. ತಿನ್ನದವರು ತಂಬುಳಿ, ಅಪ್ಪೆಹುಳಿ ಇದೆಯಾ ಕೇಳಿ. ಅಪ್ಪೆಹುಳಿ ಅಂದರೆ ಅಪ್ಪೆ ಮಾವಿನ ಮಿಡಿಯ ತೆಳ್ಳನೆ ಹುಳಿನೀರು, ಬಿಸಿಲಲ್ಲಿ ಬಂದವರಿಗೆ ಅದನ್ನು ಲೋಟದಲ್ಲಿ ಕುಡಿದರೂ ತಪ್ಪಿಲ್ಲ, ಊಟದ ಮೇಲೆ ನಿದ್ದೆ ಬಂದರೆ ಮಾತ್ರ ನನ್ನನ್ನು ಬೈಯಬೇಡಿ. ಬೇಸಿಗೆಯಲ್ಲಿ ಹೋದರೆ ಕುಮಟಾ ಸುತ್ತಿನ ಹೆದ್ದಾರಿ ಬದಿಯಲ್ಲಿ ಈರುಳ್ಳಿಯನ್ನು ಜಡೆ ಹೆಣೆದು ನೇತುಹಾಕಿರುತ್ತಾರೆ. ಅದು ಈ ಕಡೆಯ ಸಿಹಿ ಈರುಳ್ಳಿ. ಒಂದು ಗೊಂಚಲು ತಗೊಂಡು ಡಿಕ್ಕಿಯಲ್ಲಿ ಹಾಕಿ, ಮನೆಯಲ್ಲಿ ಅಡುಗೆಮನೆ ಕಿಟಕಿಗೆ ನೇತುಹಾಕಿದರೆ ತಿಂಗಳುಗಟ್ಟಲೆ ಇರುತ್ತದೆ.

ಮಿರ್ಜಾನ್ ಕೋಟೆ ದಾರಿಯಲ್ಲೇ ಸಿಗುತ್ತದೆ. ಅರ್ಧ ಗಂಟೆ ಸಾಕು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಆಳ್ವಿಕೆಯಲ್ಲಿದ್ದ ಕೋಟೆ, ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಅಂತ ಕರೆಯುತ್ತಿದ್ದರು. ಮುರಕಲ್ಲಿನ ಗೋಡೆ, ಬುರುಜು, ಬಾವಿ. ಮಳೆಗಾಲ ಕಳೆದ ಹೊಸದರಲ್ಲಿ ಗೋಡೆ ಪೂರ್ತಿ ಹಸಿರು ಪಾಚಿ. ತಡವಾಗಿದ್ದರೆ ಇದನ್ನು ಬಿಡಿ, ಸಮುದ್ರವನ್ನು ಬಿಡಬೇಡಿ.

ನಾಲ್ಕೂಕಾಲಿಗೆ ಓಂ ಬೀಚಿನ ಮೇಲೆ ಇರಬೇಕು. ಗಾಡಿ ಗುಡ್ಡದ ಮೇಲೆ ನಿಲ್ಲುತ್ತದೆ, ಅಲ್ಲಿಂದ ಮೆಟ್ಟಿಲು. ಇಳಿಯುವ ಮೊದಲು ಮೇಲಿಂದಲೇ ನೋಡಿ, ಎರಡು ಅರ್ಧಚಂದ್ರದ ಹಾಗೆ ತೀರ ಬಾಗಿದೆ, ನಡುವೆ ಬಂಡೆಗಳ ಮೂಗು. ಓಂ ಅನ್ನುವ ಆಕಾರ ಕಾಣುವುದು ಇಲ್ಲಿಂದ, ಕೆಳಗೆ ಹೋದರೆ ಬರೀ ಮರಳು. ಡ್ರೈವರಿಗೆ ದುಡ್ಡು ಕೊಟ್ಟು ಇಲ್ಲೇ ಕಳಿಸಿಬಿಡಿ, ಮುಂದಿನದು ನಡಿಗೆ.

ಈಗ ನನ್ನ ಕಥೆ. ಮೊದಲ ಸಲ ಬಂದಾಗ ಏಪ್ರಿಲ್. ನಾನು, ನನ್ನ ಗೆಳೆಯ, ಇಬ್ಬರ ನಡುವೆ ಅರ್ಧ ಲೀಟರ್ ನೀರು. ಓಂ ಬೀಚಿನಿಂದ ಹಾಫ್ ಮೂನ್, ಅಲ್ಲಿಂದ ಪ್ಯಾರಡೈಸ್ ಅಂತ ಮಧ್ಯಾಹ್ನ ಒಂದಕ್ಕೆ ಹೊರಟೆವು. ಗುಡ್ಡದ ನೆತ್ತಿಯ ಮುರಕಲ್ಲು ಕೆಳಗಿಂದ ಕಾಯಿಸುತ್ತದೆ, ಬಿಸಿಲು ಮೇಲಿಂದ. ಹಾಫ್ ಮೂನ್ ಕಾಣುವಷ್ಟರಲ್ಲಿ ನೀರು ಖಾಲಿ. ನನ್ನ ಹವಾಯಿ ಚಪ್ಪಲಿಯ ಬಾರು ಕಿತ್ತುಹೋಯಿತು. ಗೆಳೆಯ ತಲೆ ಸುತ್ತುತ್ತಿದೆ ಅಂತ ಪೊದೆ ಪಕ್ಕ ಕೂತುಬಿಟ್ಟ. ವಾಪಸ್ ಹೋಗಲು ಒಂದು ದೋಣಿಯವನನ್ನು ಕೇಳಿದರೆ ನಮ್ಮ ಮುಖ ನೋಡಿಯೇ ಮೂರು ಪಟ್ಟು ರೇಟು ಹೇಳಿದ, ಚೌಕಾಸಿ ಮಾಡುವ ತ್ರಾಣವೂ ಇರಲಿಲ್ಲ, ಕೊಟ್ಟೆವು. ಹಾಫ್ ಮೂನ್, ಪ್ಯಾರಡೈಸ್ ಎರಡಕ್ಕೂ ರಸ್ತೆ ಇಲ್ಲ, ನಡೆಯಬೇಕು ಇಲ್ಲವೇ ದೋಣಿ. ಹಾಗಾಗಿ ಒಂದೇ ದಿನದ ಈ ಸುತ್ತಾಟಕ್ಕೆ ಅವೆರಡನ್ನೂ ಸೇರಿಸಬೇಡಿ. ರಾತ್ರಿ ಉಳಿಯುವವರು ಮರುದಿನ ಬೆಳಿಗ್ಗೆ ಏಳಕ್ಕೆ ಹೋಗಲಿ, ತಲಾ ಎರಡು ಲೀಟರ್ ನೀರು, ಹಿಡಿತ ಇರುವ ಬೂಟು.

ನೀರಿಗೆ ಇಳಿಯುವುದರ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಈ ಸಮುದ್ರ ನೋಡಲು ಸಾಧು, ಸೆಳೆತ ಜೋರು. ಅಲೆಗಳು ಎಲ್ಲ ಕಡೆ ಒಡೆಯುತ್ತಾ ಒಂದು ಜಾಗದಲ್ಲಿ ಮಾತ್ರ ನೀರು ಶಾಂತವಾಗಿ, ಸ್ವಲ್ಪ ಗಾಢ ಬಣ್ಣದಲ್ಲಿ ಕಂಡರೆ ಅಲ್ಲೇ ಇಳಿಯೋಣ ಅನಿಸುತ್ತದೆ, ಆದರೆ ತೀರಕ್ಕೆ ಬಂದ ನೀರು ವಾಪಸ್ ಹೋಗುವ ದಾರಿ ಅದೇ ಆಗಿರಬಹುದು. ಸೆಳೆತಕ್ಕೆ ಸಿಕ್ಕರೆ ತೀರದ ಕಡೆ ನೇರ ಈಜಿ ಸುಸ್ತಾಗಬೇಡಿ, ಪಕ್ಕಕ್ಕೆ, ತೀರದ ಉದ್ದಕ್ಕೆ ಈಜಿ, ಸೆಳೆತ ಸಡಿಲವಾದ ಮೇಲೆ ಒಳಗೆ ಬನ್ನಿ. ಈಜು ಬಾರದವರು ಮಂಡಿಯವರೆಗೆ ಮಾತ್ರ. ಜೀವರಕ್ಷಕರು ಸೀಟಿ ಊದಿದರೆ ಎದ್ದು ಬನ್ನಿ, ಅವರ ಹತ್ತಿರ ವಾದ ಬೇಡ. ನಡುವಿನ ಬಂಡೆಗಳ ಮೇಲೆ ಪಾಚಿ ಇರುತ್ತದೆ, ಫೋಟೋಕ್ಕೆ ಅಂತ ತುದಿಗೆ ಹೋಗುವುದು ಬೇಡವೇ ಬೇಡ. ಕುಡಿದು ಇಳಿಯುವವರಿಗೆ ನನ್ನ ಹತ್ತಿರ ಯಾವ ಸಲಹೆಯೂ ಇಲ್ಲ.

ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಉಬ್ಬರ ಇಳಿತ ಎರಡೂ ಜಾಸ್ತಿ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಆದ್ದರಿಂದ ಹೋದ ವಾರ ಬಂದ ಗೆಳೆಯ ಹೇಳಿದ ಟೈಮು ನಿಮಗೆ ಹೊಂದುವುದಿಲ್ಲ. ಬೀಚಿನ ಚಹಾ ಅಂಗಡಿಯವರನ್ನೋ ದೋಣಿಯವರನ್ನೋ ಕೇಳಿ. ಬ್ಯಾಗು, ಚಪ್ಪಲಿ ಒಣ ಮರಳಿನ ಗೆರೆಯಿಂದ ಮೇಲೆ ಇಡಿ.

ಸೂರ್ಯ ಮುಳುಗಲು ಒಂದು ಗಂಟೆ ಇರುವಾಗ ಓಂ ಬೀಚು ಬಿಡಿ. ನವೆಂಬರ್ ಕೊನೆಗಾದರೆ ಇಲ್ಲಿ 6 ಗಂಟೆಗೇ ಮುಳುಗುತ್ತದೆ, ಮಾರ್ಚ್ ನಡುವೆ ಆದರೆ 6.40 ದಾಟುತ್ತದೆ. ಅದಕ್ಕೆ ಸರಿಯಾಗಿ ಲೆಕ್ಕ ಹಾಕಿ. ಗುಡ್ಡ ಹತ್ತಿ ಆಚೆ ಇಳಿದರೆ ಕುಡ್ಲೆ ಬೀಚು, ಇಪ್ಪತ್ತು ನಿಮಿಷದ ದಾರಿ. ಮಧ್ಯಾಹ್ನ ಕಾಲು ಸುಡುವ ಇಂಥ ಗುಡ್ಡ ಈ ಹೊತ್ತಿಗೆ ಎಷ್ಟು ಹಿತ ಅಂದರೆ, ಒಣಹುಲ್ಲಿನ ಮೇಲೆ ಗಾಳಿ ಹಾಯುತ್ತಿರುತ್ತದೆ, ಒಂದು ಕಡೆ ಪೂರ್ತಿ ಸಮುದ್ರ. ಓಂ ಬೀಚೇ ಹೆಚ್ಚು ಹೆಸರುವಾಸಿ, ಆದರೆ ಸೂರ್ಯಾಸ್ತಕ್ಕೆ ನನ್ನ ಓಟು ಕುಡ್ಲೆಗೆ. ಅದು ನೇರ ಪಶ್ಚಿಮಕ್ಕೆ ತೆರೆದಿದೆ, ಅಡ್ಡ ಬಂಡೆಯಿಲ್ಲ.

ಪಂಚೆ ಹಾಸಿಕೊಂಡು ಕೂತುಬಿಡಿ. ಒಂದು ಕೋಕಂ ಶರಬತ್ತು ಸಿಕ್ಕರೆ ಕುಡಿಯಿರಿ. ಬೆಳಿಗ್ಗೆ ಕೇಳಿದ ಕಥೆ ನೆನಪಿದೆಯಲ್ಲ, ರಾವಣ ಮೋಸ ಹೋದದ್ದು ಇದೇ ಸೂರ್ಯನನ್ನು ನೋಡಿ. ಮೋಡದ ದಿನ ಇಲ್ಲಿ ಕೂತರೆ ಅವನ ತಪ್ಪಿಲ್ಲ ಅನಿಸುತ್ತದೆ. ಒಂದು ಸಲ ನಾನು ನೋಡನೋಡುತ್ತಲೇ ಸೂರ್ಯ ಮೋಡದ ಹಿಂದೆ ಹೋದ, ಎಲ್ಲ ಮಂಕಾಯಿತು, ಮುಗಿಯಿತು ಅಂತ ಜನ ಮರಳು ಕೊಡವಿಕೊಂಡು ಎದ್ದರು. ನಮ್ಮ ಪಕ್ಕ ಬಲೆ ಬಿಡಿಸುತ್ತಾ ಕೂತಿದ್ದ ಅಜ್ಜ, "ಕೂತ್ಕಳಿ, ಇನ್ನೂ ಅದೆ" ಅಂದರು. ಹತ್ತು ನಿಮಿಷಕ್ಕೆ ಮೋಡದ ಕೆಳಗಿಂದ ಕೆಂಪಗೆ ಮತ್ತೆ ಇಳಿದು ಬಂತು. ಆದ್ದರಿಂದ ಮೋಡ ಕಂಡು ಏಳಬೇಡಿ, ಗಡಿಯಾರ ನೋಡಿ ಏಳಿ.

ಕುಡ್ಲೆಯಿಂದ ಊರಿಗೆ ಮತ್ತೊಂದು ಗುಡ್ಡ, ಇಪ್ಪತ್ತು ನಿಮಿಷ ಹತ್ತಿರ. ಮುಳುಗಿದ ಮೇಲೆ ಇಲ್ಲಿ ಕತ್ತಲು ಬೇಗ ಕವಿಯುತ್ತದೆ, ದಾರಿ ಕಲ್ಲುಕಲ್ಲು. ಮೊಬೈಲ್ ಟಾರ್ಚನ್ನು ನಂಬಿದರೆ ಅಷ್ಟೊತ್ತಿಗೆ ಚಾರ್ಜು 4 ಪರ್ಸೆಂಟ್ ಇರುತ್ತದೆ, ಒಂದು ಸಣ್ಣ ಟಾರ್ಚು ಬೇರೆಯೇ ಇರಲಿ. ಹೆಂಗಸರು, ಮಕ್ಕಳು ಜೊತೆಗಿದ್ದರೆ ಮೆಟ್ಟಿಲು ಹತ್ತಿ ಮೇಲಿನ ರಸ್ತೆಗೆ ಬಂದು ಆಟೋ ಹಿಡಿಯಿರಿ.

ಲಾಡ್ಜಿಗೆ ಬಂದು ಬೆಳಿಗ್ಗೆ ಮಾತಾಡಿಟ್ಟ ಬಕೆಟ್ ನೀರು ಹುಯ್ದುಕೊಳ್ಳಿ. ಒದ್ದೆ ಬಟ್ಟೆಯನ್ನು ಚೆನ್ನಾಗಿ ಕೊಡವಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬ್ಯಾಗಿನ ತಳಕ್ಕೆ ಹಾಕಿ. ಈರುಳ್ಳಿ ಜಡೆ ಇದ್ದರೆ ಬಸ್ಸಿನ ಕೆಳಗಿನ ಡಿಕ್ಕಿಗೆ ಹಾಕಿ, ಸೀಟಿನ ಪಕ್ಕ ಇಟ್ಟುಕೊಂಡರೆ ಬೆಳಗಿನವರೆಗೂ ಎಲ್ಲರೂ ನಿಮ್ಮನ್ನೇ ನೋಡುತ್ತಿರುತ್ತಾರೆ.